ಕ್ಯಾಸೆಟ್ಟಲ್ಲಿ ಘಟ್ಟ ಹತ್ತಿದ ದನಿ: ಕಾಳಿಂಗ ನಾವಡರನ್ನು ಉಳಿಸಿದ್ದು ಆಟ ನೋಡಲು ಹೋದ ಜನ

ಸಕಲೇಶಪುರ: ಗುಂಡ್ಮಿ ಕಾಳಿಂಗ ನಾವಡರು ತೀರಿಕೊಂಡು ಮೂರೂವರೆ ದಶಕ ಆಗ್ತಾ ಬಂತು. ಅವರ ಆಟವನ್ನು ಎದುರು ಕೂತು ನೋಡಿದವರ ತಲೆ ಈಗ ಬೆಳ್ಳಗಾಗಿದೆ. ಆದರೂ ಶಿರಾಡಿ ಘಾಟಿ ಹತ್ತಿ ಬರುವ ಲಾರಿಯಲ್ಲೋ, ಪೇಟೆಯ ಹೋಟೆಲ್ ಗಲ್ಲಾದ ಮೇಲಿರುವ ಮೊಬೈಲಿನಲ್ಲೋ, ಹಾನುಬಾಳು, ಹೆತ್ತೂರು ಕಡೆಯ ತೋಟದ ಮನೆಯಲ್ಲೋ ಆ ಕಂಠ ಕಿವಿಗೆ ಬಿದ್ದರೆ ಆಶ್ಚರ್ಯವಿಲ್ಲ. ಅವರು ಹೋದ ಮೇಲೆ ಹುಟ್ಟಿದ ಹುಡುಗರು ಕೂಡ ಎರಡು ಸಾಲು ಕೇಳಿ ಇದು ನಾವಡರದ್ದು ಅಂತ ಗುರುತು ಹಿಡೀತಾರೆ.

ಈ ದನಿ ಇಷ್ಟು ವರ್ಷ ಉಳಿದಿದ್ದು ಹೇಗೆ? ಅಂಗಡಿಗೆ ಬಂದ ಕ್ಯಾಸೆಟ್ಟುಗಳಿಂದ ಸ್ವಲ್ಪ ಉಳಿಯಿತು. ಆದರೆ ಇಡೀ ರಾತ್ರಿಯ ಆಟದಲ್ಲಿ ಅವರು ಹೇಗೆ ಹಾಡುತ್ತಿದ್ದರು ಅನ್ನೋದು ಉಳಿದಿದ್ದು ಸಾಮಾನ್ಯ ಪ್ರೇಕ್ಷಕರಿಂದ. ಟಿಕೆಟ್ ತಗೊಂಡು ಡೇರೆಯೊಳಗೆ ಹೋಗಿ, ತೊಡೆ ಮೇಲೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ನಿದ್ದೆಗೆಟ್ಟವರು ಅವರು. ಹಾಗೆ ಹಿಡಿದ ಕ್ಯಾಸೆಟ್ಟನ್ನು ಒಬ್ಬರಿಂದ ಒಬ್ಬರಿಗೆ ಕೈಬದಲು ಮಾಡಿದರು. ಆ ಕ್ಯಾಸೆಟ್ಟುಗಳಲ್ಲಿ ಎಷ್ಟೋ ಈಗ ಅಟ್ಟದ ಮೇಲೆ ಬೂಸ್ಟು ಹಿಡೀತಾ ಇವೆ.

ಗುಂಡ್ಮಿಯ ಹುಡುಗ

ನಾವಡರು ಹುಟ್ಟಿದ್ದು 1958ರ ಜೂನ್ 6ರಂದು. ಊರು ಸಾಲಿಗ್ರಾಮದ ಪಕ್ಕದ ಗುಂಡ್ಮಿ. ಈಗ ಉಡುಪಿ ಜಿಲ್ಲೆಗೆ ಸೇರಿದೆ, ಆಗ ದಕ್ಷಿಣ ಕನ್ನಡ. ತಂದೆ ರಾಮಚಂದ್ರ ನಾವಡರೂ ಭಾಗವತರೇ. ಹಾಗಾಗಿ ಮನೆಯಲ್ಲೇ ಪದ, ಮನೆಯಲ್ಲೇ ತಾಳ.

ಹದಿನಾಲ್ಕನೇ ವಯಸ್ಸಿಗೆ, ಅಂದರೆ 1972ರಲ್ಲಿ, ಕೋಟ ಅಮೃತೇಶ್ವರಿ ಮೇಳ ಸೇರಿದರು. ಅಲ್ಲಿ ಗುರುವಾಗಿ ಸಿಕ್ಕಿದವರು ನಾರ್ಣಪ್ಪ ಉಪ್ಪೂರರು. ಬಡಗುತಿಟ್ಟಿನಲ್ಲಿ ಉಪ್ಪೂರರದ್ದು ದೊಡ್ಡ ಹೆಸರು. ಅವರ ಕೈಕೆಳಗೆ ಪಳಗುವುದು ಅಂದರೆ ಹಾಡುವುದನ್ನು ಕಲಿತರೆ ಮುಗಿಯಲಿಲ್ಲ. ಯಾವ ವೇಷಕ್ಕೆ ಎಷ್ಟು ಬಿಡಬೇಕು, ಎಲ್ಲಿ ತಡೆಯಬೇಕು, ಜನ ತೂಕಡಿಸುವ ಹೊತ್ತಿಗೆ ಏನು ಮಾಡಬೇಕು, ಎಲ್ಲವನ್ನೂ ರಂಗದ ಮೇಲೆ ಕೂತೇ ಕಲಿಯಬೇಕು.

ಇಪ್ಪತ್ತು ತುಂಬುವ ಮೊದಲೇ ಈ ಹುಡುಗ ಮುಖ್ಯ ಭಾಗವತಿಕೆಗೆ ಬಂದಾಗಿತ್ತು. ಮುಂದೆ ನಾವಡರ ಹೆಸರು ಸಾಲಿಗ್ರಾಮ ಮೇಳದ ಜೊತೆ ಬೆಸೆದುಕೊಂಡಿತು. ಕರಾವಳಿಯ ಜನ ಅವರನ್ನು ಕೋಗಿಲೆ ಅಂತ ಕರೆದರು.

ಭಾಗವತ ಅಂದರೆ ಬರೀ ಗಾಯಕ ಅಲ್ಲ

ಬಯಲುಸೀಮೆ ಕಡೆಯಿಂದ ಬಂದು ಇಲ್ಲಿ ಅಂಗಡಿ ಇಟ್ಟವರಿಗೆ ಒಂದು ಮಾತು ಹೇಳಬೇಕು. ಯಕ್ಷಗಾನದಲ್ಲಿ ಭಾಗವತ ಅಂದರೆ ಹಿಂದೆ ಕೂತು ಹಾಡುವವನು ಅಷ್ಟೇ ಅಲ್ಲ. ಆಟದ ಲಗಾಮು ಅವನ ಕೈಯಲ್ಲಿರುತ್ತೆ. ಪದ್ಯ ಯಾವಾಗ ಎತ್ತಬೇಕು, ಯಾವ ರಾಗದಲ್ಲಿ ಎತ್ತಬೇಕು, ಕುಣಿತಕ್ಕೆ ಎಷ್ಟು ಸುತ್ತು ಕೊಡಬೇಕು, ಮಾತು ಉದ್ದ ಆಯ್ತು ಅಂದರೆ ಎಲ್ಲಿ ಮುಂದಿನ ಪದ್ಯ ಶುರು ಮಾಡಬೇಕು, ಇದೆಲ್ಲ ಆ ಕ್ಷಣದ ತೀರ್ಮಾನ. ಪುಸ್ತಕದಲ್ಲಿ ಪದ್ಯ ಒಂದೇ. ಆದರೆ ಸೋಮವಾರ ಒಂದೂರಲ್ಲಿ ಹಾಡಿದ ಹಾಗೆ ಮಂಗಳವಾರ ಇನ್ನೊಂದೂರಲ್ಲಿ ಇರಲ್ಲ.

ನಾವಡರು ಈ ಸ್ವಾತಂತ್ರ್ಯವನ್ನು ಪೂರ್ತಿ ಬಳಸಿಕೊಂಡರು. ಬಡಗಿನ ಹಳೆಯ ಮಟ್ಟುಗಳ ಜೊತೆಗೆ ಕರ್ನಾಟಕ ಮತ್ತು ಹಿಂದೂಸ್ತಾನಿ ಕಡೆಯ ರಾಗಗಳನ್ನು ತಂದರು. ಮೈಕನ್ನು ಚೆನ್ನಾಗಿ ಅರ್ಥ ಮಾಡಿಕೊಂಡ ಕಂಠ ಅವರದ್ದು. ಕೂಗಿ ಹೇಳುವ ಕಡೆ ಕೂಗು, ಪಿಸುಗುಡುವ ಕಡೆ ಪಿಸುಮಾತು. ಶೃಂಗಾರ, ಕರುಣೆಯ ಪದ್ಯಗಳಲ್ಲಿ ಒಂದು ಸಾಲನ್ನೇ ಹಿಡಿದು ಬೆಳೆಸುತ್ತಿದ್ದರು.

ಅವರು ಪ್ರಸಂಗಗಳನ್ನೂ ಬರೆದರು. ನಾಗಶ್ರೀ ಅದರಲ್ಲಿ ಎಲ್ಲರ ಬಾಯಲ್ಲಿ ಉಳಿದ ಹೆಸರು. ಪುರಾಣ ಬಿಟ್ಟು ಹೊಸ ಕಥೆ ಕಟ್ಟಿ, ಡೇರೆ ತುಂಬಾ ಜನ ಸೇರಿಸಿದ ಕಾಲ ಅದು. ಇದೆಲ್ಲ ಎಲ್ಲರಿಗೂ ಹಿಡಿಸಿತು ಅಂತಲ್ಲ. ಸಂಪ್ರದಾಯ ಕೆಟ್ಟಿತು, ಸಂಗೀತ ಕಚೇರಿ ಮಾಡಿಬಿಟ್ಟರು ಅನ್ನುವ ತಕರಾರು ಆಗಲೂ ಇತ್ತು, ಈಗಲೂ ಇದೆ. ಆ ಜಗಳದಲ್ಲಿ ಯಾರು ಸರಿ ಅಂತ ನೋಡಬೇಕಾದರೂ ಅವತ್ತಿನ ಆಟ ಕೇಳಲೇಬೇಕು. ಕೇಳೋಕೆ ಈಗಿರುವ ದಾರಿ ಆ ಕ್ಯಾಸೆಟ್ಟುಗಳು.

ಡೇರೆಯೊಳಗೆ ಟೇಪು

ನಾವಡರು ಮೇಲಕ್ಕೆ ಬಂದ ಕಾಲಕ್ಕೂ ಹಳ್ಳಿ ಮನೆಗಳಿಗೆ ಟೇಪ್ ರೆಕಾರ್ಡರ್ ಬಂದ ಕಾಲಕ್ಕೂ ಸರಿಹೊಂದಿತು. ಎಂಬತ್ತರ ದಶಕದಲ್ಲಿ ಕರಾವಳಿಯಿಂದ ಗಲ್ಫ್‌ಗೆ ಹೋದವರು ಊರಿಗೆ ಬರುವಾಗ ತರುತ್ತಿದ್ದ ಮುಖ್ಯ ಸಾಮಾನು ಅಂದರೆ ಟೂ ಇನ್ ಒನ್. ರೇಡಿಯೋ, ಟೇಪು ಎರಡೂ ಒಂದೇ ಪೆಟ್ಟಿಗೆಯಲ್ಲಿ. ಅದರಲ್ಲಿ ಕೆಂಪು ಗುಂಡಿ ಒತ್ತಿದರೆ ರೆಕಾರ್ಡ್ ಆಗುತ್ತಿತ್ತು. ಆಟ ಇದ್ದ ರಾತ್ರಿ ಆ ಪೆಟ್ಟಿಗೆ ಡೇರೆಗೆ ಹೋಗುತ್ತಿತ್ತು.

ಹೇಳಿದಷ್ಟು ಸುಲಭದ ಕೆಲಸ ಅಲ್ಲ ಅದು. 90 ನಿಮಿಷದ ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ 45 ನಿಮಿಷ. ರಾತ್ರಿ ಒಂಬತ್ತೂವರೆಗೆ ಶುರುವಾದ ಆಟ ಬೆಳಗಿನ ಜಾವ ಮುಗಿಯೋ ಹೊತ್ತಿಗೆ ಐದಾರು ಕ್ಯಾಸೆಟ್ಟು ಬೇಕು. ಆಗಿನ ಕೂಲಿ ಲೆಕ್ಕದಲ್ಲಿ ಅದು ಸಣ್ಣ ಖರ್ಚಲ್ಲ. ದಪ್ಪ ಸೆಲ್ಲುಗಳು ಮಧ್ಯರಾತ್ರಿಗೆ ಸೋತರೆ ಟೇಪು ನಿಧಾನ ಓಡಿ, ಆಮೇಲೆ ಹಾಕಿ ಕೇಳುವಾಗ ದನಿ ಕೀರಲಾಗುತ್ತಿತ್ತು.

ಹಾಗಾಗಿ ಅಭಿಮಾನಿಗಳು ಒಂದು ಉಪಾಯ ಕಂಡುಕೊಂಡಿದ್ದರು. ಪದ್ಯ ಶುರುವಾದಾಗ ಗುಂಡಿ ಒತ್ತೋದು, ವೇಷಧಾರಿ ಮಾತು ಶುರು ಮಾಡಿದ ಕೂಡಲೇ ನಿಲ್ಲಿಸೋದು. ಮಗ್ಗುಲು ಬದಲಿಸೋದೂ ಮಾತಿನ ನಡುವೆಯೇ. ಇದರಿಂದ ನಾವಡರ ಪದ್ಯ ಉಳಿಯಿತು. ಅದೇ ರಂಗದಲ್ಲಿ ದೊಡ್ಡ ದೊಡ್ಡ ಕಲಾವಿದರು ಆಡಿದ ಮಾತು ಹೋಯಿತು. ಈಗ ಸಿಗುವ ಎಷ್ಟೋ ರೆಕಾರ್ಡಿಂಗಿನಲ್ಲಿ ಪದ್ಯದ ಕೊನೆಗೆ ಟಕ್ ಅಂತ ಸದ್ದು ಬಂದು ನೇರ ಇನ್ನೊಂದು ಪದ್ಯ ಶುರುವಾಗುವುದು ಇದಕ್ಕೇ.

ಇನ್ನೊಂದು ಸೂಕ್ಷ್ಮ ಇದೆ. ಆ ಟೇಪುಗಳಲ್ಲಿ ಸದ್ದಿನ ಮಟ್ಟವನ್ನು ಯಂತ್ರ ತಾನೇ ಸರಿಮಾಡಿಕೊಳ್ಳುತ್ತಿತ್ತು. ಚಂಡೆಗೆ ಜೋರಾಗಿ ಪೆಟ್ಟು ಬಿದ್ದಾಗ ಯಂತ್ರ ಬೆದರಿ ಸದ್ದು ತಗ್ಗಿಸುತ್ತೆ, ಚಂಡೆ ನಿಂತ ಮೇಲೆ ನಿಧಾನಕ್ಕೆ ಏರಿಸುತ್ತೆ. ಅದಕ್ಕೇ ಈ ರೆಕಾರ್ಡಿಂಗಲ್ಲಿ ಭಾಗವತರ ದನಿ ದೂರದಿಂದ ಹತ್ತಿರ ಬಂದ ಹಾಗೆ ಕೇಳಿಸುತ್ತೆ. ಜೊತೆಗೆ ಜನರೇಟರ್ ಗುಂಯ್‌ಗುಡುವುದು, ಮಗು ಅಳುವುದು, ಹೊರಗೆ ಕಡಲೆಕಾಯಿ ಮಾರುವವನ ಕೂಗು. ಸ್ಟುಡಿಯೋದಲ್ಲಿ ಮಾಡಿದ ಕ್ಯಾಸೆಟ್ಟಿಗಿಂತ ಇದು ಗಲೀಜು. ಆದರೆ ಆ ರಾತ್ರಿ ಇರುವುದು ಇದರಲ್ಲೇ.

ದುಡ್ಡಿಲ್ಲದ ವ್ಯಾಪಾರ

ಒಬ್ಬನ ಹತ್ತಿರ ಒಂದು ರಾತ್ರಿಯ ಆಟ ಇದ್ದರೆ, ಇನ್ನೊಬ್ಬನ ಹತ್ತಿರ ಮತ್ತೊಂದೂರಿನದ್ದು. ಎರಡು ಕ್ಯಾಸೆಟ್ಟು ಹಾಕುವ ಡೆಕ್ ಯಾರ ಮನೆಯಲ್ಲಿದೆಯೋ ಅಲ್ಲಿಗೆ ಇಬ್ಬರೂ ಹೋಗಿ ಅದಲು ಬದಲು ಮಾಡಿಕೊಳ್ಳೋದು. ಖಾಲಿ ಕ್ಯಾಸೆಟ್ಟು ಕೊಟ್ಟರೆ ತುಂಬಿಸಿ ಕೊಡುತ್ತಿದ್ದರು. ಕಾಪಿ ಮಾಡಿದ್ದಕ್ಕೆ ದುಡ್ಡು ಕೇಳುವುದು ಮರ್ಯಾದೆ ಅಲ್ಲ ಅನ್ನುವ ಲೆಕ್ಕ. ಕ್ಯಾಸೆಟ್ಟಿನ ಬೆನ್ನಿನ ಮೂಲೆಯ ಚಿಕ್ಕ ಪ್ಲಾಸ್ಟಿಕ್ ತುಂಡು ಮುರಿದು ಇಡುತ್ತಿದ್ದರು, ಮನೆಯ ಮಕ್ಕಳು ಅಪ್ಪಿತಪ್ಪಿ ಅದರ ಮೇಲೆ ಸಿನಿಮಾ ಹಾಡು ತುಂಬಿಸಬಾರದು ಅಂತ.

ಈ ಕ್ಯಾಸೆಟ್ಟುಗಳು ಕರಾವಳಿಯಲ್ಲೇ ಉಳಿಯಲಿಲ್ಲ. ಕುಂದಾಪುರ, ಉಡುಪಿ ಕಡೆಯ ಜನ ಹೋಟೆಲ್ ಕೆಲಸಕ್ಕೆ ಎಲ್ಲೆಲ್ಲಿಗೆ ಹೋದರೋ ಅಲ್ಲಿಗೆಲ್ಲ ಹೋದವು. ಮುಂಬೈ, ಬೆಂಗಳೂರಿಗೆ ಹೋದ ಹಾಗೆಯೇ ಘಟ್ಟದ ಮೇಲಿನ ಮಲೆನಾಡಿಗೂ ಬಂದವು. ಸಕಲೇಶಪುರ ಇರುವುದೇ ಘಾಟಿಯ ನೆತ್ತಿಯ ಮೇಲೆ. ಕೆಳಗಿನಿಂದ ಮೀನು, ತೆಂಗಿನಕಾಯಿ, ಉಪ್ಪು ಬರುವ ದಾರಿ ಇದೇ. ಆಗ ಮಂಗಳೂರು–ಹಾಸನ ಮೀಟರ್ ಗೇಜ್ ರೈಲೂ ಓಡುತ್ತಿತ್ತು. ಇಲ್ಲಿ ಹೋಟೆಲ್, ಬೇಕರಿ ಇಟ್ಟವರು, ಕಾಫಿ ತೋಟಗಳಲ್ಲಿ ರೈಟರ್, ಮೇಸ್ತ್ರಿ ಆಗಿ ನಿಂತವರು ಹಬ್ಬಕ್ಕೆ ಊರಿಗೆ ಹೋಗಿ ಬರುವಾಗ ಚೀಲದಲ್ಲಿ ಕ್ಯಾಸೆಟ್ಟೂ ಬಂತು. ಕಾಫಿ ಕೊಯ್ಲಿನ ರಾತ್ರಿ, ಕಣದ ಕಾವಲಿಗೆ ಕೂತವರಿಗೆ ಅದೇ ಜೊತೆ.

ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಇಳಿಸಿದಷ್ಟೂ ಸುಂಯ್ ಅನ್ನುವ ಸದ್ದು ಜಾಸ್ತಿ ಆಗ್ತಾ ಹೋಗುತ್ತೆ. ಮೂರನೇ, ನಾಲ್ಕನೇ ಕಾಪಿ ಅನ್ನುವಷ್ಟರಲ್ಲಿ ಮದ್ದಳೆಯ ಬೆರಳ ಸದ್ದು ಮಸುಕು. ಅದಕ್ಕೇ ಮೂಲ ಟೇಪು ಇಟ್ಟವನಿಗೆ ಊರಲ್ಲಿ ಒಂದು ಗೌರವ ಇರುತ್ತಿತ್ತು. ಅವನ ಮನೆಗೆ ಹುಡುಕಿಕೊಂಡು ಹೋಗುತ್ತಿದ್ದರು.

1990ರ ಮೇ 27

ಮೇಳಗಳ ತಿರುಗಾಟ ಮಳೆಗಾಲ ಬರುವ ಹೊತ್ತಿಗೆ ಮುಗಿಯುತ್ತೆ. 1990ರಲ್ಲಿ ತಿರುಗಾಟ ಮುಗಿಯೋ ಆ ದಿನಗಳಲ್ಲೇ, ಮೇ 27ರಂದು, ನಾವಡರು ರಸ್ತೆ ಅಪಘಾತದಲ್ಲಿ ತೀರಿಕೊಂಡರು. 32 ತುಂಬಲು ಇನ್ನು ಹತ್ತು ದಿನ ಬಾಕಿ ಇತ್ತು.

ಒಂದು ಕಂಠ ಹಣ್ಣಾಗುವ ವಯಸ್ಸು ಅದು. ಗುರು ಉಪ್ಪೂರರೂ ಅಷ್ಟರಲ್ಲಾಗಲೇ ಇರಲಿಲ್ಲ. ಅಲ್ಲಿಯವರೆಗೆ ಕ್ಯಾಸೆಟ್ಟು ಅಂದರೆ ಮುಂದಿನ ಆಟದವರೆಗೆ ಕೇಳಿಕೊಂಡಿರುವ ಸಾಮಾನು. ಚೆನ್ನಾಗಿ ಬರದಿದ್ದರೆ ಅಳಿಸಿ ಇನ್ನೊಂದು ತುಂಬಿಸಬಹುದಿತ್ತು, ಮುಂದಿನ ವರ್ಷ ಮತ್ತೆ ಹಾಡುತ್ತಾರಲ್ಲ ಅನ್ನುವ ಧೈರ್ಯ. ಆ ದಿನದಿಂದ ಅದು ಬದಲಾಯಿತು. ಇದ್ದಷ್ಟೇ ಇನ್ನು. ಅವರು ಹಾಡಿದ ರಾತ್ರಿಗಳು ಸಾವಿರಾರು, ಟೇಪಿಗೆ ಸಿಕ್ಕಿದ್ದು ಅದರಲ್ಲಿ ಒಂದು ಚಿಟಿಕೆ.

ಹುಡುಗ ಭಾಗವತರು ಆ ಕ್ಯಾಸೆಟ್ಟು ಹಾಕಿಕೊಂಡು ಕಲಿತರು. ಗುರು ಎದುರಿಗಿಲ್ಲದೆ, ಹಿಂದೆ ತಿರುಗಿಸಿ ಮುಂದೆ ತಿರುಗಿಸಿ ಕಲಿಯುವ ಪಾಠ. ಇವತ್ತು ಬಡಗಿನಲ್ಲಿ ಯಾರೇ ಹಾಡಲಿ, ನಾವಡರ ನೆರಳು ಒಂದು ಕಡೆ ಬಿದ್ದೇ ಬೀಳುತ್ತೆ. ಆ ನೆರಳು ಬಿದ್ದಿದ್ದರಲ್ಲಿ ಅಭಿಮಾನಿಗಳ ಟೇಪಿಗೂ ಪಾಲಿದೆ.

ಕ್ಯಾಸೆಟ್ಟಿಂದ ಮೊಬೈಲಿಗೆ

2000ದ ನಂತರ ಸಿ.ಡಿ. ಬಂತು. ಒಂದು ಸಿ.ಡಿ.ಗೆ ಎಂ.ಪಿ.3 ಮಾಡಿ ಹಾಕಿದರೆ ಹತ್ತು ಹನ್ನೆರಡು ಗಂಟೆ ಹಿಡಿಯುತ್ತೆ. ಆರು ಕ್ಯಾಸೆಟ್ಟಿನ ಆಟ ಒಂದು ತಟ್ಟೆಯಲ್ಲಿ. ಆಮೇಲೆ ಇಂಟರ್ನೆಟ್ಟು, ಯೂಟ್ಯೂಬು, ವಾಟ್ಸಾಪು. ಈಗ ದುಬೈಯಲ್ಲಿರುವವನ ಹತ್ತಿರ ಇರುವ ಟೇಪು ಐದು ನಿಮಿಷದಲ್ಲಿ ದೋಣಿಗಾಲಿಗೆ ಬರುತ್ತೆ. ಕೊಡು–ಕೊಳ್ಳುವ ಪದ್ಧತಿ ಅದೇ, ವೇಗ ಬೇರೆ. ಒಬ್ಬ ಒಂದು ಊರಿನ ಆಟ ಹಾಕಿದರೆ, ಅದೇ ಪದ್ಯ ಬೇರೆ ರಾತ್ರಿ ಬೇರೆ ರಾಗದಲ್ಲಿ ಹಾಡಿದ್ದನ್ನು ಇನ್ನೊಬ್ಬ ಹುಡುಕಿ ಹಾಕ್ತಾನೆ.

ಇಂಥ ಪದ್ಧತಿ ನಮ್ಮಲ್ಲಿ ಮಾತ್ರ ಇರೋದಲ್ಲ. ಅಮೆರಿಕದಲ್ಲಿ ಗ್ರೇಟ್‌ಫುಲ್ ಡೆಡ್ ಅಂತ ಒಂದು ತಂಡ ಇತ್ತು. ಅವರೂ ಒಂದು ರಾತ್ರಿ ಹಾಡಿದ ಹಾಗೆ ಇನ್ನೊಂದು ರಾತ್ರಿ ಹಾಡುತ್ತಿರಲಿಲ್ಲ. ಅಭಿಮಾನಿಗಳು ಕದ್ದು ರೆಕಾರ್ಡ್ ಮಾಡುವುದನ್ನು ಓಡಿಸುವ ಬದಲು 1984ರಲ್ಲಿ ಆ ತಂಡ ರೆಕಾರ್ಡ್ ಮಾಡುವವರಿಗೇ ಬೇರೆ ಜಾಗ ಬಿಟ್ಟುಕೊಟ್ಟಿತು. ಷರತ್ತು ಒಂದೇ: ಹಂಚಿಕೊಳ್ಳಿ, ಮಾರಬೇಡಿ. ಅಂಥ ಅಭಿಮಾನಿಗಳೇ ಸೇರಿ 2002ರಲ್ಲಿ ಇಂಟರ್ನೆಟ್ ಆರ್ಕೈವ್ ಅನ್ನುವ ಸಂಸ್ಥೆಯ ಜೊತೆ ಸಾರ್ವಜನಿಕ ಸಂಗ್ರಹ ಶುರು ಮಾಡಿದರು. ಅಲ್ಲಿ ಪ್ರತಿ ರೆಕಾರ್ಡಿಂಗಿಗೆ ದಿನಾಂಕ, ಊರು, ರೆಕಾರ್ಡ್ ಮಾಡಿದ ಬಗೆ ಬರೆದಿರುತ್ತೆ. ನಾವಡರ ಟೇಪುಗಳಿಗೆ ಅಂಥ ಒಂದು ಮನೆ ಇಲ್ಲ. ಒಂದೊಂದು ಒಬ್ಬೊಬ್ಬರ ಫೋನಿನಲ್ಲಿ. ಫೋನು ಕೆಟ್ಟರೆ ಅದೂ ಇಲ್ಲ.

ಹೆಸರು ಬಿಟ್ಟುಹೋದವರು

ಅಂತರ್ಜಾಲಕ್ಕೆ ಬಂದ ಮೇಲೆ ಒಂದು ತೊಂದರೆ ಕಣ್ಣಿಗೆ ಹೊಡೀತಾ ಇದೆ. ಹಳೆಯ ಕ್ಯಾಸೆಟ್ಟಿನ ಕಾರ್ಡಿನ ಮೇಲೆ ಬಾಲ್ ಪೆನ್ನಿನಲ್ಲಿ ಪ್ರಸಂಗ, ಊರು, ತಾರೀಕು ಬರೆದಿರುತ್ತಿದ್ದರು. ಈಗ ಫಾರ್ವರ್ಡ್ ಆಗುವ ಫೈಲಿಗೆ ಕಾಳಿಂಗ ನಾವಡ ಸೂಪರ್ ಹಿಟ್ ಅಂತ ಹೆಸರು. ಮದ್ದಳೆ ಯಾರದ್ದು, ಚಂಡೆ ಯಾರದ್ದು, ಆ ಪದ್ಯಕ್ಕೆ ಕುಣಿದ ವೇಷ ಯಾರದ್ದು, ಗೊತ್ತಿಲ್ಲ. ಭಾಗವತ ಒಬ್ಬನೇ ಆಟ ಆಡಿಸಲು ಆಗಲ್ಲ. ನಿದ್ದೆಗೆಟ್ಟು ಟೇಪು ಹಿಡಿದವನ ಹೆಸರಂತೂ ಮೊದಲೇ ಇಲ್ಲ. ಬೇರೆ ಭಾಗವತರು ಹಾಡಿದ್ದೂ ನಾವಡರ ಹೆಸರಲ್ಲಿ ಓಡಾಡುವ ಸಾಧ್ಯತೆ ಇರುವುದು ಇದರಿಂದಲೇ.

ಇನ್ನು ಕಾನೂನು. ಅಂಗಡಿ ಇಟ್ಟವರು ಇದನ್ನು ತಿಳಿದಿರುವುದು ಒಳ್ಳೆಯದು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಹಾಡುವವರಿಗೆ, ಆಡುವವರಿಗೆ ಅಂತ ಬೇರೆ ಹಕ್ಕು ಮೊದಲು ಇರಲಿಲ್ಲ. ಅದು ಬಂದಿದ್ದು 1994ರ ತಿದ್ದುಪಡಿಯಲ್ಲಿ, ನಾವಡರು ಹೋಗಿ ನಾಲ್ಕು ವರ್ಷದ ಮೇಲೆ. ಮೊದಲು 25 ವರ್ಷ ಅಂತಿದ್ದ ಆ ಹಕ್ಕಿನ ಅವಧಿ 1999ರಲ್ಲಿ 50 ವರ್ಷ ಆಯಿತು. ಸ್ವಂತ ಕೇಳೋಕೆ ರೆಕಾರ್ಡ್ ಮಾಡಿಕೊಳ್ಳುವುದನ್ನು ಕಾಯ್ದೆ ತಪ್ಪು ಅನ್ನಲ್ಲ. ಮಾರುವ ಮಾತು ಬಂದರೆ ಲೆಕ್ಕ ಬೇರೆ. ಬರೆದ ಪ್ರಸಂಗದ ಹಕ್ಕು ಬರೆದವರು ತೀರಿದ ಮೇಲೂ 60 ವರ್ಷ ಇರುತ್ತೆ. ಆ ಲೆಕ್ಕದಲ್ಲಿ ನಾವಡರು ಬರೆದ ಪ್ರಸಂಗಗಳ ಹಕ್ಕು 2050ರ ಕೊನೆಯವರೆಗೆ. ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿ ದುಡ್ಡು ತಗೊಳ್ಳುವುದಕ್ಕೂ, ಗೆಳೆಯನಿಗೆ ಕೇಳಲು ಕೊಡುವುದಕ್ಕೂ ಇರುವ ವ್ಯತ್ಯಾಸವನ್ನು ಹಳೆಯ ಕ್ಯಾಸೆಟ್ಟಿನ ಕಾಲದವರು ಕಾನೂನು ಓದದೆಯೇ ಪಾಲಿಸಿದ್ದರು.

ಮಳೆ ಹಿಡಿಯುವ ಮೊದಲು

ಮಲೆನಾಡಿನ ಮಳೆ ಚಪ್ಪಲಿ, ಬೆಲ್ಟು, ಪುಸ್ತಕ ಯಾವುದನ್ನೂ ಬಿಡಲ್ಲ. ಕ್ಯಾಸೆಟ್ಟಿನ ರಿಬ್ಬನ್ನಿಗೂ ಬೆಳ್ಳಗೆ ಬೂಸ್ಟು ಕೂರುತ್ತೆ. ರಿಬ್ಬನ್ನನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಚಿಕ್ಕ ಸ್ಪಂಜು ಉದುರಿಹೋಗುತ್ತೆ. ಕ್ಯಾಸೆಟ್ಟು ತಯಾರಾಗಿದ್ದೇ ಒಂದೆರಡು ದಶಕದ ಬಾಳಿಕೆಗೆ. ಎಂಬತ್ತರ ದಶಕದ್ದು ಇವತ್ತಿಗೂ ಓಡುತ್ತೆ ಅಂದರೆ ಅದೇ ಪುಣ್ಯ.

ಮನೆಯಲ್ಲಿ ಅಜ್ಜನದ್ದೋ ಅಪ್ಪನದ್ದೋ ಕ್ಯಾಸೆಟ್ಟಿನ ಡಬ್ಬ ಇದ್ದರೆ ಒಮ್ಮೆ ಕೆಳಗಿಳಿಸಿ ನೋಡಬಹುದು. ಬೂಸ್ಟು ಹಿಡಿದಿದ್ದನ್ನು ಹಾಗೇ ಟೇಪಿಗೆ ಹಾಕಿ ಓಡಿಸಬಾರದು. ಹೆಡ್ಡು ಗಲೀಜಾಗಿ ಮುಂದಿನ ಕ್ಯಾಸೆಟ್ಟೂ ಹಾಳಾಗುತ್ತೆ. ಬಿಸಿಲಿಗೂ ಒಣಗಿಸಬಾರದು. ಒಣ ಜಾಗದಲ್ಲಿ ನಿಲ್ಲಿಸಿಟ್ಟು, ಟೇಪು ರಿಪೇರಿ ಗೊತ್ತಿರುವವರ ಕೈಯಲ್ಲಿ ಸ್ವಚ್ಛ ಮಾಡಿಸಿ, ಒಂದು ವೈರಿನಲ್ಲಿ ಕಂಪ್ಯೂಟರಿಗೆ ಇಳಿಸಬಹುದು. ಸದ್ದು ಸ್ವಚ್ಛ ಮಾಡುವ ಆತುರದಲ್ಲಿ ಚಂಡೆ, ಮದ್ದಳೆ ಅಳಿಸಿಹೋಗದ ಹಾಗೆ ಮೊದಲು ಇದ್ದದ್ದನ್ನು ಇದ್ದ ಹಾಗೇ ಒಂದು ಕಾಪಿ ಇಡಬೇಕು. ಎರಡು ಕಡೆ ಇಟ್ಟರೆ ಇನ್ನೂ ಒಳ್ಳೆಯದು. ಕಾರ್ಡಿನ ಮೇಲೆ ಬರೆದಿರುವ ಊರು, ತಾರೀಕಿನ ಫೋಟೋ ತೆಗೆದು ಫೈಲಿನ ಜೊತೆಗೇ ಇಡಬೇಕು. ಹಿಮ್ಮೇಳದವರ, ವೇಷಧಾರಿಗಳ ಹೆಸರು ನೆನಪಿರುವ ಹಿರಿಯರು ಮನೆಯಲ್ಲಿದ್ದರೆ ಇವತ್ತೇ ಕೇಳಿ ಬರೆದಿಡುವುದು ವಾಸಿ.

ಆ ಡಬ್ಬದಲ್ಲಿ ಹೊಸದೇನೂ ಸಿಗದಿರಬಹುದು, ಎಲ್ಲರ ಹತ್ತಿರ ಇರುವುದೇ ಇರಬಹುದು. ಯಾರ ಹತ್ತಿರವೂ ಇಲ್ಲದ ಒಂದು ರಾತ್ರಿಯೂ ಇರಬಹುದು. ಹಾಕಿ ಕೇಳಿದರೇ ತಿಳಿಯುವುದು.